ಅಜ್ಜನ ಸಂತರ ಹಬ್ಬ ಡಿಸೆಂಬರ್‌ನಿಂದ ಜುಲೈಗೆ ಹೋಗಿದ್ದು ಹೇಗೆ? ಈ ತಾರೀಕುಗಳನ್ನು ಯಾರು ಇಡುತ್ತಾರೆ?

ಕಾಫಿತೋಟದ_ಹುಡುಗಿ
ಮನೆಯಲ್ಲಿ ಒಂದು ಸಣ್ಣ ಜಗಳ. ತೀರ್ಪು ಬೇಕಾಗಿದೆ.

ನಮ್ಮಜ್ಜನ ಹೆಸರು ತೋಮಪ್ಪ. ಯೇಸುವಿನ ಶಿಷ್ಯ ಸಂತ ತೋಮಾಸರ ಹೆಸರು. ಅಜ್ಜ ತೀರಿಕೊಂಡು ಒಂಬತ್ತು ವರ್ಷ ಆಯಿತು. ಆದರೂ ಆ ಸಂತರ ಹಬ್ಬದ ದಿನ ಅಜ್ಜಿ ಕೋಳಿಸಾರು ಮಾಡಿ ಅಕ್ಕಪಕ್ಕದ ನಾಲ್ಕು ಮನೆಗೆ ಕೊಟ್ಟು ಬರುತ್ತಾರೆ. ಅದು ಡಿಸೆಂಬರ್ 21. ಈ ವರ್ಷ ಚರ್ಚಿನ ಕ್ಯಾಲೆಂಡರ್ ಗೋಡೆಗೆ ಹಾಕುವಾಗ ನೋಡಿದೆ, ಸಂತ ತೋಮಾಸರ ಹಬ್ಬ ಜುಲೈ 3 ಅಂತ ಇದೆ! ಅಜ್ಜಿಗೆ ತೋರಿಸಿದರೆ "ಪ್ರಿಂಟಿನವರು ನಿದ್ದೆಗಣ್ಣಲ್ಲಿ ಮಾಡಿದ್ದಾರೆ" ಅಂದರು. ಅಜ್ಜನ ಪೂಜಾ ಪುಸ್ತಕ ತಂದು ಮುಂದಿಟ್ಟರು. 1950ರ ದಶಕದ್ದು. ಬೆನ್ನಿಗೆ ಹಳೇ ಚಡ್ಡಿಯ ಖಾಕಿ ಬಟ್ಟೆ ಹಾಕಿ ಹೊಲಿದಿದ್ದಾರೆ, ಹಾಳೆಗಳ ಮೇಲೆಲ್ಲ ಮೇಣದ ಕಲೆ. ಡಿಸೆಂಬರ್ 21ರ ಎದುರಿಗೆ ಅಜ್ಜ ಪೆನ್ಸಿಲಿನಲ್ಲಿ ಪುಟ್ಟ ಶಿಲುಬೆ ಬರೆದಿದ್ದಾರೆ.

ಯಾರು ಸರಿ? ಸಂತರ ಹಬ್ಬ ಹೀಗೆ ಐದಾರು ತಿಂಗಳು ಜರುಗುತ್ತದಾ?

ಹಳೇಪಂಚಾಂಗ
ಅಜ್ಜಿಯೂ ಸರಿ, ಪ್ರಿಂಟಿನವರೂ ಸರಿ.

1969ರವರೆಗೆ ರೋಮನ್ ಕ್ಯಾಲೆಂಡರಿನಲ್ಲಿ ತೋಮಾಸರ ಹಬ್ಬ ಡಿಸೆಂಬರ್ 21ಕ್ಕೇ ಇತ್ತು. ಪೋಪ್ ಆರನೇ ಪೌಲ್ ಕಾಲದಲ್ಲಿ ಇಡೀ ಕ್ಯಾಲೆಂಡರನ್ನು ಜಾಲಾಡಿದರು. ಹೊಸದು 1970ರ ಜನವರಿ 1ರಿಂದ ಜಾರಿಗೆ ಬಂತು. ಡಿಸೆಂಬರ್ 17ರಿಂದ 24ರವರೆಗೆ ಕ್ರಿಸ್‌ಮಸ್ ತಯಾರಿಯ ದಿನಗಳು, ಅಲ್ಲಿ ಬೇರೆ ಸಂತರು ನುಗ್ಗಬಾರದು ಅಂತ ತೀರ್ಮಾನ ಆಯಿತು. ತೋಮಾಸರು ಸರಿಯಾಗಿ ಅದರ ಮಧ್ಯೆ ಸಿಕ್ಕಿಬಿದ್ದರು.

ಜುಲೈ 3 ಅನ್ನು ಸುಮ್ನೆ ಹೆಕ್ಕಿದ್ದಲ್ಲ. ಸಿರಿಯಾ ಸಂಪ್ರದಾಯದ ಕ್ರೈಸ್ತರಲ್ಲಿ ಅದು ಬಹಳ ಹಳೆಯ ತಾರೀಕು. ತೋಮಾಸರ ಅಸ್ಥಿಯನ್ನು ಭಾರತದಿಂದ ಎದೆಸ್ಸಾ ಪಟ್ಟಣಕ್ಕೆ ಒಯ್ದ ನೆನಪಿನ ದಿನ. ಎದೆಸ್ಸಾ ಅಂದರೆ ಈಗಿನ ಟರ್ಕಿಯ ಉರ್ಫಾ. ಕೇರಳದ ಸಿರೋ ಮಲಬಾರ್ ಸಭೆಯವರು ಇದನ್ನು ದುಕ್ರಾನ ಅನ್ನುತ್ತಾರೆ, ಅಂದರೆ ನೆನಪು. ರೋಮಿನವರು ಆಮೇಲೆ ಅವರ ದಾರಿಗೆ ಬಂದರು ಅಷ್ಟೇ.

ಸುಮ್ನೆ_ಓದುಗ
ಇದೆಲ್ಲ ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಸಭೆ ಕರೆದು ಕೂತು ಫಿಕ್ಸ್ ಮಾಡಿದ್ದು ಅಂತ ಎಲ್ಲೋ ಓದಿದ್ದೆ. ಸೂರ್ಯನ ಹಬ್ಬ ಎತ್ತಿ ಕ್ರಿಸ್‌ಮಸ್ ಮಾಡಿದರು, ಕಥೆ ಮುಗೀತು.

ಲ್ಯಾಟಿನ್_ಲಕ್ಕಪ್ಪ
ಮುಗಿಯಲಿಲ್ಲ ಸ್ವಾಮಿ. 325ರ ನೈಸಿಯಾ ಸಭೆಯಲ್ಲಿ ಚರ್ಚೆಯಾದ ಹಬ್ಬ ಒಂದೇ, ಈಸ್ಟರ್. ಕ್ರಿಸ್‌ಮಸ್ ಬಗ್ಗೆ ಅಲ್ಲಿ ಮಾತೇ ಇಲ್ಲ.

ಈಸ್ಟರ್ ಜಗಳ ಅದಕ್ಕಿಂತ ಎಷ್ಟೋ ಹಳೆಯದು. ಏಷ್ಯಾ ಮೈನರಿನವರು, ಅಂದರೆ ಈಗಿನ ಟರ್ಕಿಯ ಕಡೆಯವರು, ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನವೇ ಆಚರಿಸುತ್ತಿದ್ದರು, ವಾರ ಯಾವುದಾದರೂ ಸರಿ. ರೋಮಿನವರಿಗೆ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಏಷ್ಯಾ ಮೈನರಿನ ಸ್ಮರ್ನಾ ಪಟ್ಟಣದ ಬಿಷಪ್ ಪಾಲಿಕಾರ್ಪ್ ಮುದುಕ ರೋಮಿಗೆ ಬಂದು ಪೋಪ್ ಅನಿಸೆಟಸ್ ಜೊತೆ ಕೂತು ಮಾತಾಡಿದರು. ಒಪ್ಪಂದ ಆಗಲಿಲ್ಲ. ನಿಮ್ಮದು ನಿಮಗೆ, ನಮ್ಮದು ನಮಗೆ ಅಂತ ಒಟ್ಟಿಗೆ ಪೂಜೆ ಮಾಡಿ, ನಗುನಗುತ್ತಾ ಬೀಳ್ಕೊಂಡರು. ಮೂವತ್ತು ನಲವತ್ತು ವರ್ಷದ ಮೇಲೆ ಬಂದ ಪೋಪ್ ವಿಕ್ಟರ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಒಪ್ಪದವರನ್ನು ಸಭೆಯಿಂದ ಹೊರಗಿಡುತ್ತೇನೆ ಅಂದುಬಿಟ್ಟರು.

ಸಂತರ ಹಬ್ಬದ ಬೇರು ಬೇಕೆಂದರೂ ಇದೇ ಪಾಲಿಕಾರ್ಪರ ಹತ್ತಿರ ಹೋಗಬೇಕು. ಅವರನ್ನು ಸುಟ್ಟು ಕೊಂದ ಮೇಲೆ ಸ್ಮರ್ನಾದವರು ಬರೆದ ಪತ್ರ ಉಳಿದಿದೆ. ಎಲುಬುಗಳನ್ನು ಆರಿಸಿ ತಂದು ಸರಿಯಾದ ಜಾಗದಲ್ಲಿ ಇಟ್ಟೆವು, ಪ್ರತಿ ವರ್ಷ ಅಲ್ಲಿ ಸೇರಿ ಅವರ ಸಾಕ್ಷಿಮರಣದ ಹುಟ್ಟುಹಬ್ಬ ಮಾಡುತ್ತೇವೆ ಅನ್ನುತ್ತದೆ ಆ ಪತ್ರ. ಗಮನಿಸಿ, ಸತ್ತ ದಿನವನ್ನು ಹುಟ್ಟುಹಬ್ಬ ಅನ್ನುತ್ತಾರೆ. ಸ್ವರ್ಗದಲ್ಲಿ ಹುಟ್ಟಿದ ದಿನ. ರೋಮಿನಿಂದ ಆಜ್ಞೆ ಬಂದಿರಲಿಲ್ಲ. ಸಮಾಧಿ ಇತ್ತು, ತಾರೀಕು ನೆನಪಿತ್ತು, ಊರಿನವರು ಸೇರಿದರು.

ಮಲೆನಾಡ_ಭಟ್ಟ
ನಾನು ಕ್ರಿಶ್ಚಿಯನ್ ಅಲ್ಲ, ಸುಮ್ನೆ ಇಣುಕಿದೆ. ಇದು ನಮ್ಮ ತಿಥಿ ಮಾಡುವ ಹಾಗೇ ಇದೆಯಲ್ವಾ? ಸತ್ತ ದಿನ ವರ್ಷವರ್ಷ ಸೇರುವುದು, ಊಟ ಹಾಕುವುದು.

ಲ್ಯಾಟಿನ್_ಲಕ್ಕಪ್ಪ
ಊಟವೂ ಇತ್ತು ಭಟ್ಟರೇ. ರೋಮಿನವರು ಫೆಬ್ರವರಿಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಿದ್ದರು, ನಂಟರೆಲ್ಲ ಸೇರಿ ಉಣ್ಣುತ್ತಿದ್ದರು. ಆ ಸಾಲಿನ ಕೊನೇ ಹಬ್ಬ ಫೆಬ್ರವರಿ 22. ಅದೇ ದಿನಕ್ಕೆ ಸಂತ ಪೇತ್ರರ ಪೀಠದ ಹಬ್ಬ ಬಂದು ಕೂತಿದೆ. ಇವತ್ತಿಗೂ ಫೆಬ್ರವರಿ 22ಕ್ಕೇ ಇದೆ.

ಗಣಿತ_ಮೇಷ್ಟ್ರು
ಸೂರ್ಯನ ಹಬ್ಬದ ವಾದ ಅಷ್ಟು ಸಲೀಸಲ್ಲ. ಚಕ್ರವರ್ತಿ ಔರೇಲಿಯನ್ 274ರಲ್ಲಿ ಸೂರ್ಯದೇವನಿಗೆ ದೇವಸ್ಥಾನ ಕಟ್ಟಿಸಿದ್ದು ನಿಜ. ಡಿಸೆಂಬರ್ 25ಕ್ಕೆ ಕ್ರಿಸ್ತ ಹುಟ್ಟಿದ ಅಂತ ಬರೆದಿರುವ ರೋಮಿನ ಹಳೇ ಪಟ್ಟಿ 354ರದು, ಅದರ ಮೂಲ 336ರದು ಅನ್ನುತ್ತಾರೆ. ಅದು ರಕ್ತಸಾಕ್ಷಿಗಳ ಪಟ್ಟಿ, ಯಾರನ್ನು ಎಲ್ಲಿ ಹೂಳಿದ್ದಾರೆ ಅಂತ. ಅದರ ಮೊದಲನೇ ಸಾಲೇ ಕ್ರಿಸ್ತಜನನ. ಆದರೆ ಸೂರ್ಯನ ಹುಟ್ಟುಹಬ್ಬ ಡಿಸೆಂಬರ್ 25 ಅಂತ ಬರೆದಿರುವುದೂ ಅದೇ 354ರ ಸಂಪುಟದಲ್ಲಿ. ಯಾರು ಯಾರಿಂದ ಎತ್ತಿಕೊಂಡರು ಅಂತ ಹೇಗೆ ಹೇಳುತ್ತೀರಿ?

ಇನ್ನೊಂದು ವಾದ ಲೆಕ್ಕದ್ದು. ಕ್ರಿಸ್ತ ಸತ್ತಿದ್ದು ಮಾರ್ಚ್ 25, ಗರ್ಭದಲ್ಲಿ ಬಂದಿದ್ದೂ ಅದೇ ದಿನ ಅಂತ ಕೆಲವರು ನಂಬಿದ್ದರು. ಒಂಬತ್ತು ತಿಂಗಳು ಸೇರಿಸಿ, ಡಿಸೆಂಬರ್ 25 ಬರುತ್ತದೆ.

ನನಗೆ ಇಷ್ಟವಾದ ಲೆಕ್ಕ ಬೇರೆ ಇದೆ. ಲೂಕನ ಸುವಾರ್ತೆಯ ಪ್ರಕಾರ ಸ್ನಾನಿಕ ಯೊವಾನ್ನ ಕ್ರಿಸ್ತನಿಗಿಂತ ಆರು ತಿಂಗಳು ದೊಡ್ಡವರು. ಹಾಗಾದರೆ ಜೂನ್ 25 ಆಗಬೇಕಿತ್ತು. ಹಬ್ಬ ಇರುವುದು ಜೂನ್ 24ಕ್ಕೆ. ಯಾಕೆ? ರೋಮಿನವರು ದಿನಗಳನ್ನು ಹಿಂದಿನಿಂದ ಎಣಿಸುತ್ತಿದ್ದರು, ಮುಂದಿನ ತಿಂಗಳ ಒಂದನೇ ತಾರೀಕಿಗೆ ಇನ್ನೆಷ್ಟು ದಿನ ಅಂತ. ಡಿಸೆಂಬರ್ 25 ಅಂದರೆ ಜನವರಿ ಒಂದಕ್ಕೆ ಎಂಟನೇ ದಿನ. ಎರಡೂ ತುದಿಯನ್ನು ಸೇರಿಸಿಯೇ ಎಣಿಸಬೇಕು. ಜುಲೈ ಒಂದಕ್ಕೆ ಎಂಟನೇ ದಿನ ಎಣಿಸಿ ನೋಡಿ. ಜೂನ್‌ಗೆ ಮೂವತ್ತೇ ದಿನ, ಹಾಗಾಗಿ 24 ಬರುತ್ತದೆ. ಬೆರಳು ಮಡಚಿ ಎಣಿಸಿದರೆ ಗೊತ್ತಾಗುತ್ತದೆ.

ಸುಮ್ನೆ_ಓದುಗ
ಎಣಿಸಿದೆ. ಸರಿ ಇದೆ. ಸೂರ್ಯನ ವಿಷಯದಲ್ಲಿ ನಾನು ಇನ್ನೂ ಸೋತಿಲ್ಲ 😄

ಮೋಂತಿ_ಮಗ
ಈ ಒಂಬತ್ತು ತಿಂಗಳ ಲೆಕ್ಕ ಮರಿಯಮ್ಮನವರಿಗೂ ಇದೆ. ಡಿಸೆಂಬರ್ 8 ಅಮಲೋದ್ಭವ, ಅಂದರೆ ಅವರು ತಾಯಿಯ ಗರ್ಭದಲ್ಲಿ ಬಂದ ಹಬ್ಬ, ಸೆಪ್ಟೆಂಬರ್ 8 ಜನನ. ಆದರೆ ಇಲ್ಲಿ ಲೆಕ್ಕ ಉಲ್ಟಾ. ಮೊದಲು ಬಂದಿದ್ದು ಸೆಪ್ಟೆಂಬರ್ 8. ಜೆರುಸಲೇಮಿನಲ್ಲಿ ಮರಿಯಮ್ಮನವರ ಹುಟ್ಟಿದ ಜಾಗ ಅಂತ ನಂಬಿದ ಕಡೆ ಒಂದು ಚರ್ಚ್ ಇತ್ತು, ಅದರ ಪ್ರತಿಷ್ಠೆಯ ದಿನವೇ ಹಬ್ಬವಾಯಿತು ಅನ್ನುತ್ತಾರೆ. ಡಿಸೆಂಬರ್ 8 ಅನ್ನು ಅದರಿಂದ ಹಿಂದಕ್ಕೆ ಎಣಿಸಿ ಇಟ್ಟಿದ್ದು. ರೋಮಿಗೆ ಇವು ಪೂರ್ವದಿಂದ ಬಂದವು. ಏಳನೇ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಸೆರ್ಜಿಯಸ್ ಸಿರಿಯಾ ಮೂಲದ ಮನೆತನದವರು. ಮರಿಯಮ್ಮನವರ ಹಬ್ಬಗಳಿಗೆ ರೋಮಿನಲ್ಲಿ ಮೆರವಣಿಗೆ ಇಟ್ಟಿದ್ದು ಅವರೇ.

ಮಂಗಳೂರಲ್ಲಿ ಹುಟ್ಟಿದವರಿಗೆ ಸೆಪ್ಟೆಂಬರ್ 8 ಅಂದರೆ ಮೋಂತಿ ಫೆಸ್ತ್. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಹಾಕಬೇಕು. ಗದ್ದೆಯಿಂದ ಹೊಸ ತೆನೆ ತಂದು ಆಶೀರ್ವಾದ ಮಾಡಿಸಬೇಕು. ಮನೆಯಲ್ಲಿ ತೆನೆಯ ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆ ಎಲೆಯಲ್ಲಿ ಸಸ್ಯಾಹಾರಿ ಊಟ. ವರ್ಷದಲ್ಲಿ ನಮ್ಮ ಮನೆಯಲ್ಲಿ ಮೀನಿಲ್ಲದೆ ಯಾರೂ ಗೊಣಗದ ದಿನ ಅದೊಂದೇ. ನನಗೆ ಮಾತ್ರ ಕಬ್ಬಿನ ಮೇಲೆ ಕಣ್ಣು. ಪೂಜೆ ಮುಗಿದ ಮೇಲೆ ಮಕ್ಕಳಿಗೆ ಕೊಡುತ್ತಿದ್ದರಲ್ಲ, ನನ್ನ ತುಂಡು ಪ್ರತಿಸಲ ಅಣ್ಣನದಕ್ಕಿಂತ ಗಿಡ್ಡ.

ದುಬೈ_ಕುಡ್ಲ
ಇಲ್ಲಿ ದುಬೈಯಲ್ಲಿ ತೆನೆ ಊರಿಂದ ವಿಮಾನದಲ್ಲಿ ಬರುತ್ತದೆ ಮಾರಾಯ್ರೆ. ಒಬ್ಬೊಬ್ಬರಿಗೆ ನಾಲ್ಕೇ ಕಾಳು.

ತುಳುನಾಡ_ತಿರುಗಾಟ
ಮೋಂತಿ ಅನ್ನುವ ಹೆಸರು ಫರಂಗಿಪೇಟೆಯ ಮೋಂತೆ ಮರಿಯಾನೊ ಚರ್ಚಿನಿಂದ ಬಂದಿದ್ದು, ಅದನ್ನೂ ಹೇಳಿಬಿಡಿ. ಮತ್ತೆ ತೆನೆ ತರುವುದು ಜೆರುಸಲೇಮಿನಿಂದ ಬರಲಿಲ್ಲ. ನಮ್ಮಲ್ಲಿ ಎಲ್ಲ ಜಾತಿಯವರಿಗೂ ಹೊಸ ಅಕ್ಕಿ ಊಟ ಇದೆ, ತುಳುವಿನಲ್ಲಿ ಪುದ್ದರ್ ಅನ್ನುತ್ತಾರೆ. ಮಳೆ ಇಳಿದು ತೆನೆ ಬರುವ ಹೊತ್ತಿಗೆ ಮರಿಯಮ್ಮನವರ ಹಬ್ಬ ಬಿತ್ತು, ಎರಡೂ ಕೂಡಿಕೊಂಡವು. ಗೋವಾದಲ್ಲಿ ತೆನೆ ಹಬ್ಬವನ್ನು ಆಗಸ್ಟ್‌ನಲ್ಲೇ ಮಾಡುತ್ತಾರೆ, ಅಲ್ಲಿ ಮರಿಯಮ್ಮನವರ ಜನನಕ್ಕೂ ತೆನೆಗೂ ಗಂಟು ಬೀಳಲಿಲ್ಲ.

ಶಿವಾಜಿನಗರ_ಮಾಮ
ಬೆಂಗಳೂರಲ್ಲೂ ಸೆಪ್ಟೆಂಬರ್ 8ಕ್ಕೆ ತೇರು. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ. ಕಾವಿ ಬಟ್ಟೆ ಉಟ್ಟು ಬರುವವರಲ್ಲಿ ಯಾರು ಯಾವ ಧರ್ಮದವರು ಅಂತ ಕೇಳುವವರೇ ಇಲ್ಲ. ತೆನೆ ಅಂತೂ ಇಲ್ಲ, ಶಿವಾಜಿನಗರದಲ್ಲಿ ಗದ್ದೆ ಎಲ್ಲಿ ಹುಡುಕಲಿ? ಅದೇ ತಾರೀಕು, ಆದರೆ ಹಬ್ಬವೇ ಬೇರೆ.

ಸುಮ್ನೆ_ಓದುಗ
ಹಾಗಾದರೆ ಪೋಪ್ ಕೆಲಸ ಏನು? ಊರಿನವರೇ ಎಲ್ಲ ಮಾಡಿಕೊಂಡರೆ.

ಲ್ಯಾಟಿನ್_ಲಕ್ಕಪ್ಪ
ಬಹುಪಾಲು ಕಳೆ ಕೀಳುವುದು. ಕೆಲವೊಮ್ಮೆ ಊರಿನ ಸಸಿ ತಂದು ದೊಡ್ಡ ತೋಟದಲ್ಲಿ ನೆಡುವುದು.

ಲಿಯೇಜ್ ಊರಿನ ಜೂಲಿಯಾನಾ ಕಥೆ ನೋಡಿ. ಹದಿಮೂರನೇ ಶತಮಾನದ ಸನ್ಯಾಸಿನಿ, ಈಗಿನ ಬೆಲ್ಜಿಯಂ. ಆಕೆಗೆ ಪದೇಪದೇ ಒಂದು ದರ್ಶನ ಆಗುತ್ತಿತ್ತು. ಹುಣ್ಣಿಮೆ ಚಂದ್ರ, ಅದರಲ್ಲಿ ಒಂದು ಕಪ್ಪು ಗೀರು. ಚಂದ್ರ ಅಂದರೆ ಧರ್ಮಸಭೆ, ಗೀರು ಅಂದರೆ ಇಲ್ಲದ ಒಂದು ಹಬ್ಬ ಅಂತ ಆಕೆ ಅರ್ಥ ಮಾಡಿಕೊಂಡಳು. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿಗೆ, ಅಂತಲೇ ಒಂದು ಹಬ್ಬ ಬೇಕು. 1246ರಲ್ಲಿ ಅಲ್ಲಿನ ಬಿಷಪ್ ತಮ್ಮ ಧರ್ಮಪ್ರಾಂತ್ಯಕ್ಕೆ ಒಪ್ಪಿದರು. ಆಕೆಯ ಮಾತನ್ನು ನಂಬಿದ್ದ ಲಿಯೇಜಿನ ಒಬ್ಬ ಪಾದ್ರಿ ಮುಂದೆ ನಾಲ್ಕನೇ ಉರ್ಬನ್ ಹೆಸರಲ್ಲಿ ಪೋಪ್ ಆದರು! 1264ರಲ್ಲಿ ಇಡೀ ಸಭೆಗೆ ಹಬ್ಬ ಘೋಷಿಸಿದರು. ಜೂಲಿಯಾನಾ ಆಗಲೇ ತೀರಿಕೊಂಡಿದ್ದಳು. ಘೋಷಿಸಿದ ಒಂದೆರಡು ತಿಂಗಳಲ್ಲಿ ಪೋಪ್ ಕೂಡ ಹೋದರು. ಆಜ್ಞೆ ಹಾಗೇ ಮೂಲೆ ಸೇರಿತು. ಎಲ್ಲ ಕಡೆ ಬೇರೂರಿದ್ದು ಹದಿನಾಲ್ಕನೇ ಶತಮಾನದಲ್ಲಿ.

ಹಳೇಪಂಚಾಂಗ
ಅದು ಗುರುವಾರದ ಹಬ್ಬ. ನಮ್ಮಲ್ಲಿ ಗುರುವಾರ ರಜೆ ಯಾರು ಕೊಡುತ್ತಾರೆ ಅಂತ ಭಾನುವಾರಕ್ಕೆ ತಂದಿದ್ದಾರೆ.

ಕಳೆ ಕೀಳುವುದರ ಬಗ್ಗೆ ಹೇಳುವುದಾದರೆ, ಮಧ್ಯಯುಗ ಮುಗಿಯುವ ಹೊತ್ತಿಗೆ ಸಂತರ ಸಂಖ್ಯೆ ವಿಪರೀತ ಜಾಸ್ತಿ ಆಗಿತ್ತು. ಊರಿಗೊಬ್ಬರು, ಕಸುಬಿಗೊಬ್ಬರು. ಕೆಲಸ ಬಿಟ್ಟು ಚರ್ಚಿಗೆ ಹೋಗಲೇಬೇಕಾದ ದಿನಗಳೂ ಹಾಗೇ ಬೆಳೆದವು. ಪೋಪ್ ಐದನೇ ಪಿಯುಸ್ 1568 ಮತ್ತು 1570ರಲ್ಲಿ ಹೊಸ ಪ್ರಾರ್ಥನಾ, ಪೂಜಾ ಪುಸ್ತಕಗಳನ್ನು ತಂದು ಸುಮಾರು ಸಂತರನ್ನು ಇಳಿಸಿದರು. ಆಮೇಲೆ ಬಂದವರು ಒಬ್ಬೊಬ್ಬರಾಗಿ ಮತ್ತೆ ಏರಿಸಿದರು. 1642ರಲ್ಲಿ ಎಂಟನೇ ಉರ್ಬನ್ ಕಡ್ಡಾಯ ಹಬ್ಬಗಳನ್ನು ಮೂವತ್ತರ ಚಿಲ್ಲರೆಗೆ ಇಳಿಸಿದರು. 1911ರಲ್ಲಿ ಹತ್ತನೇ ಪಿಯುಸ್ ಎಂಟಕ್ಕೆ ತಂದರು. ನಮ್ಮ ಮನೆಯ ಅಟ್ಟ ಇದ್ದ ಹಾಗೆ. ಖಾಲಿ ಮಾಡಿದಷ್ಟೂ ತುಂಬುತ್ತದೆ.

ಕಾಫಿತೋಟದ_ಹುಡುಗಿ
ಅಜ್ಜಿಗೆ ಇದನ್ನೆಲ್ಲ ಓದಿ ಹೇಳುತ್ತಾ ಇದ್ದೇನೆ. "ಎಲ್ಲಾ ಸರಿ, ಬದಲಾಯಿಸುವ ಮುಂಚೆ ನಮ್ಮನ್ನು ಕೇಳಿದರಾ?" ಅಂತ ಅವರ ಪ್ರಶ್ನೆ.

ಶಿವಾಜಿನಗರ_ಮಾಮ
ನಮ್ಮಮ್ಮನೂ ಇದೇ ಕೇಳಿದ್ದರು. ಅಪ್ಪ ಲಾರಿ ಡ್ರೈವರ್, ಡ್ಯಾಶ್‌ಬೋರ್ಡ್ ಮೇಲೆ ಸಂತ ಕ್ರಿಸ್ಟೋಫರ್ ಪದಕ. 1969ರಲ್ಲಿ ಕ್ರಿಸ್ಟೋಫರ್ ಅವರನ್ನು ತೆಗೆದುಹಾಕಿದರು, ಅವರು ಸಂತರೇ ಅಲ್ಲವಂತೆ ಅಂತ ಸುದ್ದಿ ಹಬ್ಬಿತು. ಅಪ್ಪ ಒಂದು ವಾರ ಮಂಕಾಗಿದ್ದರಂತೆ. ಪದಕ ಮಾತ್ರ ತೆಗೆಯಲಿಲ್ಲ.

ಹಳೇಪಂಚಾಂಗ
ತೆಗೆಯಬೇಕಾಗಿಯೂ ಇರಲಿಲ್ಲ. ಇದು ಎಲ್ಲರೂ ಮಾಡುವ ತಪ್ಪು. ಕ್ರಿಸ್ಟೋಫರ್, ವ್ಯಾಲೆಂಟೈನ್, ಬಾರ್ಬರಾ ಇವರನ್ನೆಲ್ಲ ಸಂತರ ಪಟ್ಟಿಯಿಂದ ಹೊಡೆದುಹಾಕಲಿಲ್ಲ. ಇಡೀ ಲೋಕದ ಸಾಮಾನ್ಯ ಕ್ಯಾಲೆಂಡರಿನಿಂದ ಬಿಟ್ಟರು ಅಷ್ಟೇ. ಇವರ ಬಗ್ಗೆ ಗಟ್ಟಿ ದಾಖಲೆ ಕಡಿಮೆ, ಊರಲ್ಲಿ ಭಕ್ತಿ ಇದ್ದರೆ ಅಲ್ಲಲ್ಲೇ ಆಚರಿಸಿಕೊಳ್ಳಿ ಅಂತ. ಕ್ರಿಸ್ಟೋಫರ್ ಜುಲೈ 25ಕ್ಕೆ ಈಗಲೂ ಸಂತರ ದೊಡ್ಡ ಪಟ್ಟಿಯಲ್ಲಿದ್ದಾರೆ. ಅಲೆಕ್ಸಾಂಡ್ರಿಯಾದ ಕ್ಯಾಥರೀನರನ್ನು ಬಿಟ್ಟಿದ್ದವರು 2002ರಲ್ಲಿ ವಾಪಸ್ ಕೂಡ ತಂದರು.

ತಮಾಷೆ ಏನು ಗೊತ್ತಾ? ವ್ಯಾಲೆಂಟೈನರನ್ನು ಕೈಬಿಟ್ಟ ಆ ಸುಧಾರಣೆಯ ಆಜ್ಞೆಗೆ ಪೋಪ್ ಸಹಿ ಹಾಕಿದ ದಿನ 1969ರ ಫೆಬ್ರವರಿ 14.

ದುಬೈ_ಕುಡ್ಲ
😂😂 ಪಾಪ ವ್ಯಾಲೆಂಟೈನ್

ಗಣಿತ_ಮೇಷ್ಟ್ರು
ಫೆಬ್ರವರಿ 14ಕ್ಕೆ ಇನ್ನೂ ಹಳೇ ಕಥೆ ಇದೆ. ನಾಲ್ಕನೇ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಹೆಂಗಸು ಜೆರುಸಲೇಮಿಗೆ ಯಾತ್ರೆ ಹೋಗಿ, ಕಂಡಿದ್ದನ್ನೆಲ್ಲ ಊರಿನ ಗೆಳತಿಯರಿಗೆ ಬರೆದಳು. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬವನ್ನು ಅಲ್ಲಿ ನಲವತ್ತನೇ ದಿನಕ್ಕೆ ಮಾಡುತ್ತಿದ್ದರು. ಪೂರ್ವದವರಿಗೆ ಆಗ ಜನವರಿ 6 ದೊಡ್ಡ ಹಬ್ಬ. ಅಲ್ಲಿಂದ ನಲವತ್ತು ಎಣಿಸಿದರೆ ಫೆಬ್ರವರಿ 14. ಡಿಸೆಂಬರ್ 25 ಒಪ್ಪಿಕೊಂಡ ಮೇಲೆ ಅದು ಫೆಬ್ರವರಿ 2ಕ್ಕೆ ಬಂತು. ಅರ್ಮೇನಿಯಾದವರು ಮಾತ್ರ ಇವತ್ತಿಗೂ ಒಪ್ಪಿಲ್ಲ, ಜನವರಿ 6ಕ್ಕೇ ಕ್ರಿಸ್ತಜನನ, ಫೆಬ್ರವರಿ 14ಕ್ಕೇ ಅರ್ಪಣೆ.

ಮಲೆನಾಡ_ಭಟ್ಟ
ಅಂದರೆ ಒಂದು ತಾರೀಕು ಜರುಗಿಸಿದರೆ ಅದರ ಹಿಂದೆ ಇಡೀ ಸಾಲು ಜರುಗುತ್ತದೆ. ನಮ್ಮಲ್ಲಿ ಅಧಿಕಮಾಸ ಬಂದ ವರ್ಷದ ಹಾಗೆ. ಈಸ್ಟರ್ ಕೂಡ ಹುಣ್ಣಿಮೆ ನೋಡಿ ಇಡುವುದಲ್ವಾ?

ಗಣಿತ_ಮೇಷ್ಟ್ರು
ಹೌದು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹುಣ್ಣಿಮೆ ಆಕಾಶದ್ದಲ್ಲ, ಕೋಷ್ಟಕದ್ದು. 1582ರಲ್ಲಿ ಕ್ಯಾಲೆಂಡರಿನಿಂದ ಹತ್ತು ದಿನ ಹಾರಿಸಿದ್ದೂ ಇದಕ್ಕೇ, ಈಸ್ಟರ್ ಋತುವಿನಿಂದ ಜಾರುತ್ತಿತ್ತು. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15. ಸ್ಪೇನಿನ ಸಂತ, ಅವಿಲಾದ ತೆರೇಸಮ್ಮನವರು ತೀರಿಕೊಂಡಿದ್ದು ಸರಿಯಾಗಿ ಆ ರಾತ್ರಿ. ಅಕ್ಟೋಬರ್ 4 ಅಸಿಸ್ಸಿಯ ಫ್ರಾನ್ಸಿಸರ ಹಬ್ಬ, ಹಾಗಾಗಿ ಈಗ ಇವರ ಹಬ್ಬ ಅಕ್ಟೋಬರ್ 15.

ತುಳುನಾಡ_ತಿರುಗಾಟ
ಪೋಪ್ ಹೇಳಿದರೂ ಊರು ಕೇಳಲೇಬೇಕೆಂದಿಲ್ಲ ಅನ್ನುವುದಕ್ಕೆ ಕಾರ್ಕಳದ ಅತ್ತೂರು ಸಾಕ್ಷಿ. ಸಂತ ಲಾರೆನ್ಸರು ರೋಮಿನಲ್ಲಿ ಸತ್ತಿದ್ದು 258ರ ಆಗಸ್ಟ್ 10. ಕ್ಯಾಲೆಂಡರಿನಲ್ಲಿ ಅವರ ಹಬ್ಬ ಅವತ್ತಿನಿಂದ ಕದಲಿಲ್ಲ. ಆದರೆ ಅತ್ತೂರಿನ ಜಾತ್ರೆ ಜನವರಿ ಕೊನೆಗೆ. ಲಕ್ಷಗಟ್ಟಲೆ ಜನ ಬರುತ್ತಾರೆ. 2016ರಲ್ಲಿ ರೋಮಿನವರೇ ಅದಕ್ಕೆ ಬಸಿಲಿಕ ಪದವಿ ಕೊಟ್ಟರು, ಜಾತ್ರೆಯನ್ನು ಆಗಸ್ಟ್‌ಗೆ ತನ್ನಿ ಅನ್ನಲಿಲ್ಲ. ಆಗಸ್ಟ್ ಹತ್ತಕ್ಕೆ ಕಾರ್ಕಳದ ಮಳೆ ನೋಡಿದವರಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ.

ಮೋಂತಿ_ಮಗ
ಮಳೆಯೇ ಕಾರಣ ಅಂತ ಎಲ್ಲಿ ಬರೆದಿದೆ? ಅದು ನಿಮ್ಮ ಊಹೆ.

ತುಳುನಾಡ_ತಿರುಗಾಟ
ಊಹೆಯೇ. ನೀವು ಆಗಸ್ಟ್‌ನಲ್ಲಿ ಅಲ್ಲಿ ಕ್ಯಾಂಡಲ್ ಹಚ್ಚಿ ತೋರಿಸಿ, ಆಮೇಲೆ ವಾಪಸ್ ತಗೊಳ್ಳುತ್ತೇನೆ.

ದುಬೈ_ಕುಡ್ಲ
ಅತ್ತೂರು ಜಾತ್ರೆಗೆ ಕಾರ್ಕಳ ಬಸ್ ಸ್ಟ್ಯಾಂಡಿನಿಂದ ರಾತ್ರಿ ಎಷ್ಟು ಹೊತ್ತಿನವರೆಗೆ ಬಸ್ ಇರುತ್ತದೆ? ಮುಂದಿನ ಜನವರಿಗೆ ಬರುತ್ತಿದ್ದೇನೆ.

ತುಳುನಾಡ_ತಿರುಗಾಟ
ಜಾತ್ರೆ ಸಮಯ ಸ್ಪೆಷಲ್ ಬಸ್ ಬಿಡುತ್ತಾರೆ. ಕಾರ್ ಮಾತ್ರ ತರಬೇಡಿ.

ಸುಮ್ನೆ_ಓದುಗ
ಹೊಸ ಹಬ್ಬ ಈಗಲೂ ಸೇರಿಸುತ್ತಾರಾ? ಅಥವಾ ಅಟ್ಟಕ್ಕೆ ಬೀಗ ಹಾಕಿಯಾಯಿತಾ?

ಹಳೇಪಂಚಾಂಗ
ಸೇರಿಸುತ್ತಲೇ ಇದ್ದಾರೆ. ಮೇ 1ರ ಕಾರ್ಮಿಕ ಸಂತ ಜೋಸೆಫರ ಹಬ್ಬ 1955ರದು, ಅದನ್ನು ಯಾಕೆ ಅದೇ ದಿನಕ್ಕೆ ಇಟ್ಟರು ಅಂತ ಹೇಳಬೇಕಾಗಿಲ್ಲ. 2016ರಲ್ಲಿ ಮಗ್ದಲದ ಮರಿಯಳಿಗೆ ಸ್ಮರಣೆಯಿಂದ ಹಬ್ಬಕ್ಕೆ ಬಡ್ತಿ ಸಿಕ್ಕಿತು. ಕೋಲ್ಕತ್ತಾದ ಮದರ್ ತೆರೇಸಾ ಅವರ ಸೆಪ್ಟೆಂಬರ್ 5 ಸಾಮಾನ್ಯ ಕ್ಯಾಲೆಂಡರಿಗೆ ಸೇರಿದ ಆಜ್ಞೆ ಹೊರಬಿದ್ದಿದ್ದು 2025ರಲ್ಲಿ, ಐಚ್ಛಿಕ ಸ್ಮರಣೆಯಾಗಿ. ಮಹೋತ್ಸವ, ಹಬ್ಬ, ಸ್ಮರಣೆ, ಐಚ್ಛಿಕ ಸ್ಮರಣೆ ಅಂತ ಮೆಟ್ಟಿಲುಗಳಿವೆ.

ಸುಮ್ನೆ_ಓದುಗ
ಸರ್ಕಾರಿ ನೌಕರಿ ಇದ್ದ ಹಾಗಿದೆ. ಈ ಮೆಟ್ಟಿಲಿನಿಂದ ಸಾಮಾನ್ಯ ಜನಕ್ಕೆ ಏನು ವ್ಯತ್ಯಾಸ? ಪಾದ್ರಿಗಳ ತಲೆನೋವು ಅದು.

ಕಾಫಿತೋಟದ_ಹುಡುಗಿ
ಅಪ್‌ಡೇಟ್: ಅಜ್ಜಿ ಅರ್ಧ ಒಪ್ಪಿದ್ದಾರೆ. ಕೇರಳದವರು ಮೊದಲಿನಿಂದ ಜುಲೈ 3 ಮಾಡುತ್ತಿದ್ದರು ಅಂದಿದ್ದು ಅವರಿಗೆ ತಾಗಿತು. "ತೋಮಾಸರು ಬಂದಿದ್ದು ಅವರ ಕಡೆಗೆ ತಾನೇ, ಅವರಿಗೆ ಗೊತ್ತಿರುತ್ತದೆ" ಅಂದರು. ಆಮೇಲೆ ಎದ್ದು ಹೋಗಿ ಕ್ಯಾಲೆಂಡರ್ ತಿರುವಿ ನೋಡಿ, ಗೆದ್ದ ಮುಖ ಮಾಡಿಕೊಂಡು ಬಂದರು. 2026ರ ಜುಲೈ 3 ಶುಕ್ರವಾರ! ಶುಕ್ರವಾರ ಅವರು ಮಾಂಸ ಮುಟ್ಟುವುದಿಲ್ಲ, ಒಲೆಯ ಮೇಲೆ ಇಡುವುದೂ ಇಲ್ಲ. ಕೋಳಿಸಾರಿಲ್ಲದೆ ಅಜ್ಜನ ಹಬ್ಬ ಇಲ್ಲ. ಹಾಗಾಗಿ ಡಿಸೆಂಬರ್ 21, ಸೋಮವಾರ, ಮಾತು ಮುಗೀತು ಅಂತೆ.

ಲ್ಯಾಟಿನ್_ಲಕ್ಕಪ್ಪ
ಮುಗಿಯಲಿಲ್ಲ. ಓದುಗರೇ, ಮೆಟ್ಟಿಲಿನಿಂದ ಏನು ವ್ಯತ್ಯಾಸ ಅಂದಿರಲ್ಲ, ಇಲ್ಲಿ ನೋಡಿ. ಉಳಿದ ಕಡೆ ತೋಮಾಸರದು ಹಬ್ಬ. ಭಾರತದ ಕ್ಯಾಲೆಂಡರಿನಲ್ಲಿ ಮಾತ್ರ ಅದು ಮಹೋತ್ಸವ, ಮೇಲಿನ ಮೆಟ್ಟಿಲು. ಶುಕ್ರವಾರ ಮಹೋತ್ಸವ ಬಿದ್ದರೆ ಮಾಂಸ ಬಿಡುವ ನಿಯಮ ಅವತ್ತಿಗೆ ಇಲ್ಲ. 1983ರ ಧರ್ಮಸಭೆಯ ಕಾನೂನು ಪುಸ್ತಕ, 1251ನೇ ವಿಧಿ.

ಕಾಫಿತೋಟದ_ಹುಡುಗಿ
ಓದಿ ಹೇಳಿದೆ. ಎರಡು ಸಲ ಓದಿಸಿದರು. "1251ನೇದು ಅಂತ ಇನ್ನೊಂದು ಸಲ ಹೇಳು" ಅಂದರು. ಈಗ ಅಜ್ಜನ ಪುಸ್ತಕದ ಜುಲೈ ಪುಟ ತೆಗೆದು, ಪೆನ್ಸಿಲ್ ಎಲ್ಲಿ ಅಂತ ಕೇಳುತ್ತಿದ್ದಾರೆ.

ದುಬೈ_ಕುಡ್ಲ
ನಾಟಿ ಕೋಳಿ ತಾನೇ?